ಮಟಕಿಯ ಮಕ್ಕಳ ಸಾಕ್ಷ್ಯಚಿತ್ರ

ಈ ಸಲದ ಶ್ರಾವಣದ ಒಂದು ಭಾನುವಾರ ಐದು ಮಂದಿ ವಿದ್ಯಾರ್ಥಿಗಳು ನನ್ನನ್ನು ಹುಡುಕಿಕೊಂಡು ಬಂದರು. ಮೂವರು ಹುಡುಗರು, ಇಬ್ಬರು ಹುಡುಗಿಯರು. ಎಲ್ಲರೂ ಆಳಂದ ತಾಲ್ಲೂಕಿನ ಮಟಕಿ ಮತ್ತು ಅದರ ಆಸುಪಾಸಿನ ಹಳ್ಳಿಗಳವರು. ಪದವಿ ತರಗತಿಯಲ್ಲಿ ಓದುತ್ತಿರುವವರು. ಕಾಲೇಜಿನಲ್ಲಿ ಅವರಿಗೆ ಇಪ್ಪತ್ತು ನಿಮಿಷದ ಒಂದು ಸಾಕ್ಷ್ಯಚಿತ್ರ ತಯಾರಿಸುವ ಕೆಲಸ ಕೊಟ್ಟಿದ್ದರು. ವಿಷಯವನ್ನು ಅವರೇ ಆರಿಸಿಕೊಂಡಿದ್ದರು: 1948ರಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ನಡೆದದ್ದು. ನಾನು ಕತೆ ಬರೆಯುವವನು, ಸಿನಿಮಾದವನಲ್ಲ. ಹಾಗೆಂದೇ ಹೇಳಿದೆ. "ಇರ್ಲಿ ಬಿಡ್ರಿ ಸರ್, ನಮ್ಮ ಸ್ಕ್ರಿಪ್ಟ್ ಒಂದೀಟು ತಿದ್ದಿ ಕೊಡ್ರಿ" ಎಂದು ಒಬ್ಬ ಹುಡುಗ ನಾಲ್ಕು ಹಾಳೆ ಕೈಗಿಟ್ಟ.

ಹಾಳೆಗಳನ್ನು ಓದಿದೆ. ಮೊದಲಿಗೆ ಡ್ರೋನಿನಿಂದ ಊರಿನ ನೋಟ. ಕೆಳಗೆ ಗಂಭೀರ ಸಂಗೀತ. ಆಮೇಲೆ ಒಂದು ಗಂಡುದನಿ ಇತಿಹಾಸ ಹೇಳುತ್ತದೆ: ನಿಜಾಮ, ರಜಾಕಾರರು, ಸೈನ್ಯ, ಬಿಡುಗಡೆ. ನಡುನಡುವೆ ಮೂವರು ಮುದುಕರು ಅರ್ಧರ್ಧ ನಿಮಿಷ ಮಾತಾಡುತ್ತಾರೆ. ಅವರು ಏನು ಮಾತಾಡಬೇಕೆಂಬುದನ್ನೂ ಹಾಳೆಯ ಬಲಬದಿಯಲ್ಲಿ ಬರೆದಿಟ್ಟಿದ್ದರು. ಕೊನೆಯಲ್ಲಿ ಧ್ವಜ. ಆ ಮೂವರು ಮುದುಕರು ಯಾರು ಎಂದು ಕೇಳಿದೆ. "ಇನ್ನ ಹುಡುಕ್ಬೇಕ್ರಿ" ಎಂದರು.

"ಇದೆಲ್ಲಾ ಎಲ್ಲಿಂದ ಕಲ್ತೀರಿ?" ಎಂದೆ. ಪ್ರತಿ ವರ್ಷ ಸೆಪ್ಟೆಂಬರ್ 17ರ ಸುಮಾರಿಗೆ ಟಿವಿಯಲ್ಲೂ ಯೂಟ್ಯೂಬಿನಲ್ಲೂ ಬರುವ ಚಿತ್ರಗಳನ್ನು ನೋಡಿದ್ದರಂತೆ. ಅವುಗಳ ಹಾಗೇ ಮಾಡಿದರೆ ಅಂಕ ಬರುತ್ತದೆ ಎಂಬುದು ಅವರ ಲೆಕ್ಕ. ನಕಲು ಮಾಡಿದ್ದಕ್ಕೆ ನಾನು ಅವರನ್ನು ಬೈಯಲಿಲ್ಲ. ನಾನೂ ಹಿರಿಯ ಕತೆಗಾರರನ್ನು ನಕಲು ಮಾಡುತ್ತಲೇ ಕತೆ ಬರೆಯಲು ಕಲಿತವನು. ಆದರೆ ಇನ್ನೊಬ್ಬರ ಚಿತ್ರದಿಂದ ಏನನ್ನು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಇದ್ದೇ ಇದೆ. ನೋಟ, ಸಂಗೀತ, ಅಕ್ಷರಗಳ ಬಣ್ಣ ಇವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಯಾವುದೇ ಸಾಕ್ಷ್ಯಚಿತ್ರ ನೋಡುವಾಗ ನಾನು ಕೇಳಿಕೊಳ್ಳುವುದು ಬೇರೆ: ಇಲ್ಲಿ ಮಾತಾಡುತ್ತಿರುವವರು ಯಾರು? ಮಾತು ಸಿಗದೆ ಉಳಿದವರು ಯಾರು? ಸುಮಾರು ನೂರು ವರ್ಷಗಳ ಸಾಕ್ಷ್ಯಚಿತ್ರದ ಇತಿಹಾಸವನ್ನು ಈ ಎರಡು ಪ್ರಶ್ನೆಗಳ ಸುತ್ತಲೇ ಹೇಳಬಹುದು. ಆ ಮಕ್ಕಳೊಂದಿಗೆ ಮುಂದಿನ ಕೆಲವು ಭಾನುವಾರಗಳಲ್ಲಿ ನೋಡಿದ ಚಿತ್ರಗಳನ್ನೂ ಆಡಿದ ಮಾತುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅರ್ಧ ಮನೆ, ಪೂರ್ತಿ ಚಿತ್ರ

ಮೊದಲ ಭಾನುವಾರ ನೋಡಿದ್ದು ರಾಬರ್ಟ್ ಫ್ಲಾಹರ್ಟಿಯ 'ನ್ಯಾನೂಕ್ ಆಫ್ ದಿ ನಾರ್ತ್'. 1922ರ ಮೂಕಚಿತ್ರ. ಕೆನಡಾದ ಉತ್ತರದ ಹಿಮಸೀಮೆಯಲ್ಲಿ ಬಾಳುವ ಇನ್ಯೂಟ್ ಜನರ ಒಂದು ಕುಟುಂಬದ ಕತೆ. ಹಣ ಹಾಕಿದ್ದು ತುಪ್ಪಳದ ವ್ಯಾಪಾರ ಮಾಡುವ ಒಂದು ಫ್ರೆಂಚ್ ಕಂಪನಿ. ಹುಡುಗರು ಬಾಯಿಬಿಟ್ಟುಕೊಂಡು ನೋಡಿದರು. ಹಿಮದ ಇಟ್ಟಿಗೆಗಳಿಂದ ಮನೆ ಕಟ್ಟುವ ದೃಶ್ಯ ಬಂದಾಗ ನಾನು ನಿಲ್ಲಿಸಿ ಕೇಳಿದೆ: "ಒಳಗ ಇಷ್ಟು ಬೆಳಕು ಹೆಂಗ ಬಂತು?" ಯಾರೂ ಹೇಳಲಿಲ್ಲ. ಅಂದಿನ ಕ್ಯಾಮೆರಾಕ್ಕೆ ಅಂಥ ಮನೆಯೊಳಗಿನ ಬೆಳಕು ಸಾಲುತ್ತಿರಲಿಲ್ಲ. ಆದ್ದರಿಂದ ಅರ್ಧ ಮಾತ್ರ ಕಟ್ಟಿದ ಮನೆಯಲ್ಲಿ, ಚಳಿಯಲ್ಲೇ, ಆ ಕುಟುಂಬ ಮಲಗಿ ಏಳುವಂತೆ ನಟಿಸಿತು. ನ್ಯಾನೂಕನ ನಿಜವಾದ ಹೆಸರು ಅಲ್ಲಾಕರಿಯಲ್ಲಾಕ್. ಆ ಹೊತ್ತಿಗೆ ಅವರು ಬೇಟೆಗೆ ಬಂದೂಕು ಬಳಸುತ್ತಿದ್ದರು. ಚಿತ್ರಕ್ಕಾಗಿ ಹಿಂದಿನವರ ಹಾಗೆ ಈಟಿ ಹಿಡಿದರು.

"ಹಂಗಂದ್ರ ಇದು ಸುಳ್ಳೇನ್ರಿ?" ಎಂದಳು ಒಬ್ಬ ಹುಡುಗಿ. ಆ ಪ್ರಶ್ನೆಗೆ ಇನ್ನೂ ವಾದ ನಡೆದೇ ಇದೆ. ಬ್ರಿಟನ್ನಿನ ಜಾನ್ ಗ್ರಿಯರ್ಸನ್ 1926ರಲ್ಲಿ ಫ್ಲಾಹರ್ಟಿಯ ಇನ್ನೊಂದು ಚಿತ್ರ 'ಮೊವಾನಾ'ದ ಬಗ್ಗೆ ಬರೆಯುತ್ತಾ 'ಡಾಕ್ಯುಮೆಂಟರಿ' ಎಂಬ ಮಾತನ್ನು ಬಳಕೆಗೆ ತಂದ. ಆ ಹೆಸರಿನಲ್ಲಿ ದಾಖಲೆ ಎಂಬ ಅರ್ಥವಿದೆ. ನಮ್ಮ ಕನ್ನಡದ ಮಾತು ಇನ್ನೂ ಬಿಗಿ: ಸಾಕ್ಷ್ಯಚಿತ್ರ. ಸಾಕ್ಷಿ ಹೇಳುವವನು ಕಟಕಟೆಯಲ್ಲಿ ನಿಂತ ಹಾಗೆ. ಅಲ್ಲಿ ನಟನೆ ಮಾಡಿಸಿದರೆ ನಟನೆ ಎಂದು ಹೇಳಬೇಕಾದ ಹೊಣೆ ಇದೆ. ಫ್ಲಾಹರ್ಟಿ ಅದನ್ನು ಹೇಳಲಿಲ್ಲ. ಆದರೆ ಅವನು ಒಂದು ಒಳ್ಳೆಯ ಕೆಲಸ ಮಾಡಿದ. ಫಿಲ್ಮನ್ನು ಅಲ್ಲಿಯೇ ತೊಳೆದು, ತೆಗೆದದ್ದನ್ನು ಆ ಜನಕ್ಕೇ ಮೊದಲು ತೋರಿಸಿದ. ಈ ಎರಡನ್ನೂ ಬರೆದುಕೊಳ್ಳಿ ಎಂದೆ. ಒಂದು ಮಾಡಬಾರದ್ದು, ಒಂದು ಮಾಡಬೇಕಾದದ್ದು.

ಮುಂದಿನದು 1935ರ 'ಹೌಸಿಂಗ್ ಪ್ರಾಬ್ಲಮ್ಸ್'. ಲಂಡನ್ನಿನ ಕೊಳೆಗೇರಿಗಳ ಬಗೆಗಿನ ಕಿರುಚಿತ್ರ. ಮಾಡಿದವರು ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆ್ಯನ್‌ಸ್ಟೆ. ಇದಕ್ಕೆ ಹಣ ಕೊಟ್ಟದ್ದು ಅಡುಗೆ ಅನಿಲದ ವ್ಯಾಪಾರಿಗಳ ಸಂಸ್ಥೆ. ಹೊಸ ಮನೆಗಳು ಬಂದರೆ ಅವರ ಗ್ಯಾಸು ಖರ್ಚಾಗುತ್ತದೆ. ಹಣದ ಮೂಲ ಹೀಗಿದ್ದರೂ ಚಿತ್ರದಲ್ಲಿ ಹಿಂದೆಂದೂ ಆಗದ ಒಂದು ಸಂಗತಿ ಆಯಿತು. ಇಲಿ, ತಿಗಣೆ, ಸೋರುವ ಗೋಡೆಗಳ ನಡುವೆ ಬದುಕುವ ಹೆಂಗಸರು, ಗಂಡಸರು ತಮ್ಮ ಮನೆಯೊಳಗೆ ನಿಂತು, ತಮ್ಮದೇ ಆಡುಮಾತಿನಲ್ಲಿ, ಕ್ಯಾಮೆರಾ ನೋಡಿಕೊಂಡು ಮಾತಾಡಿದರು. ಗ್ರಿಯರ್ಸನ್ನನ ತಂಗಿ ರೂಬಿ ಆ ಚಿತ್ರಕ್ಕೆ ಸಹಾಯಕಿ. ಕ್ಯಾಮೆರಾ, ಮೈಕು ಎರಡೂ ನಿಮ್ಮವೇ ಎಂದು ತಿಳಿದು ಹೇಳಬೇಕಾದ್ದನ್ನು ಹೇಳಿಬಿಡಿ ಎಂದು ಆಕೆಯೇ ಅವರಿಗೆ ಧೈರ್ಯ ತುಂಬಿದಳಂತೆ. ಚಿತ್ರದಲ್ಲಿ ಅಧಿಕಾರಿಯ ದನಿಯೂ ಇದೆ. ಆದರೆ ನೋಡಿ ಮುಗಿಸಿದ ಮೇಲೆ ನಮ್ಮ ಮಕ್ಕಳಿಗೆ ನೆನಪಿನಲ್ಲಿ ಉಳಿದದ್ದು ಇಲಿಯ ಕತೆ ಹೇಳಿದ ಹೆಂಗಸು ಮಾತ್ರ.

ಟಾಕೀಸಿನ ಆ ದನಿ

ಈಗ ನಮ್ಮ ದೇಶಕ್ಕೆ ಬರೋಣ. ಭಾರತ ಸರ್ಕಾರದ ಫಿಲ್ಮ್ಸ್ ಡಿವಿಜನ್ ಹುಟ್ಟಿದ್ದು 1948ರಲ್ಲಿ. ನಮ್ಮ ಸೀಮೆಗೆ ಸೈನ್ಯ ಬಂದ ಅದೇ ವರ್ಷ. ನಾನು ಚಿಕ್ಕವನಿದ್ದಾಗ ಟಾಕೀಸಿಗೆ ಹೋದರೆ ಮುಖ್ಯ ಸಿನಿಮಾ ಶುರುವಾಗುವ ಮೊದಲು ಇದರ ಒಂದು ಚಿತ್ರ ತೋರಿಸುತ್ತಿದ್ದರು. ತೋರಿಸದಿದ್ದರೆ ಟಾಕೀಸಿನ ಲೈಸೆನ್ಸಿಗೇ ಕುತ್ತು. ನಾವು ಎಲ್ಲವನ್ನೂ ಒಟ್ಟಾಗಿ 'ನ್ಯೂಸ್ ರೀಲ್' ಎನ್ನುತ್ತಿದ್ದೆವು. ಅಣೆಕಟ್ಟು, ಪ್ರವಾಹ, ಕುಟುಂಬ ಯೋಜನೆ, ಯಾವುದೇ ಇರಲಿ, ಒಂದೇ ಬಗೆಯ ತುಂಬುಗಂಟಲಿನ ದನಿ ಎಲ್ಲವನ್ನೂ ಹೇಳಿಬಿಡುತ್ತಿತ್ತು. ತೆರೆಯ ಮೇಲಿನ ರೈತ ಬಾಯಿ ಆಡಿಸುತ್ತಿದ್ದ. ಅವನ ಮಾತು ನಮಗೆ ಕೇಳುತ್ತಿರಲಿಲ್ಲ. ಮಟಕಿಯ ಮಕ್ಕಳು ಹುಟ್ಟುವ ಹೊತ್ತಿಗೆ ಆ ಕಾಲ ಮುಗಿದಿತ್ತು. ಫಿಲ್ಮ್ಸ್ ಡಿವಿಜನ್ನೇ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋಯಿತು. ಆದರೆ ಅವರು ಬರೆದು ತಂದ ನಾಲ್ಕು ಹಾಳೆಗಳಲ್ಲಿ ಅದೇ ದನಿ ಕೂತಿತ್ತು. ಅವರು ಎಂದೂ ಕೇಳದ ದನಿ ಅವರಿಗೆ ಹೇಗೆ ಬಂತು? ಟಿವಿ ಅದನ್ನು ಎತ್ತಿಕೊಂಡಿತು, ಟಿವಿಯಿಂದ ಯೂಟ್ಯೂಬು ಎತ್ತಿಕೊಂಡಿತು.

ಅದೇ ಸರ್ಕಾರಿ ಸಂಸ್ಥೆಯೊಳಗೇ ಆ ದನಿಯನ್ನು ಸುಮ್ಮನಾಗಿಸಿದವರೂ ಇದ್ದರು ಎಂಬುದನ್ನು ಮರೆಯಬಾರದು. 1967ರಲ್ಲಿ ಎಸ್.ಎನ್.ಎಸ್. ಶಾಸ್ತ್ರಿ 'ಐ ಆ್ಯಮ್ 20' ಎಂಬ ಚಿತ್ರ ಮಾಡಿದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ಹುಟ್ಟಿ ಆಗ ಇಪ್ಪತ್ತು ತುಂಬಿದ್ದ ತರುಣ ತರುಣಿಯರನ್ನು ದೇಶದ ನಾನಾ ಕಡೆ ಹುಡುಕಿ ಮಾತಾಡಿಸಿದರು. ಕನಸು ಹೇಳಿದವರಿದ್ದಾರೆ, ನಿರಾಸೆ ಹೇಳಿದವರಿದ್ದಾರೆ, ಈ ದೇಶಕ್ಕಾಗಿ ಏನೂ ಮಾಡುವ ಮನಸ್ಸಿಲ್ಲ ಎನ್ನುವವರೂ ಇದ್ದಾರೆ. ಸರ್ಕಾರದ ಹಣದಲ್ಲಿ ಆದ ಚಿತ್ರ ಅದು. ಅದೇ ವರ್ಷ ಚಿತ್ರಕಾರ ಎಂ.ಎಫ್. ಹುಸೇನ್ ಅದೇ ಸಂಸ್ಥೆಗೆ 'ಥ್ರೂ ದಿ ಐಸ್ ಆಫ್ ಎ ಪೇಂಟರ್' ಮಾಡಿದರು. ರಾಜಸ್ಥಾನದ ಊರುಗಳು, ಛತ್ರಿ, ಕಂದೀಲು, ಚಪ್ಪಲಿ, ಜನ. ಕತೆಯಿಲ್ಲ; ಅರ್ಥ ಹೇಳುತ್ತಾ ಬೆನ್ನು ಹತ್ತುವ ದನಿಯೂ ಇಲ್ಲ. ಬರ್ಲಿನ್ ಉತ್ಸವದಲ್ಲಿ ಕಿರುಚಿತ್ರಗಳ ಗೋಲ್ಡನ್ ಬೇರ್ ಪ್ರಶಸ್ತಿ ಅದಕ್ಕೆ ಬಂತು. ಹುಸೇನ್ ಹುಟ್ಟಿದ್ದು ಪಂಢರಪುರದಲ್ಲಿ. ಅಲ್ಲಿ ಹರಿಯುವ ಭೀಮೆಯೇ ಮುಂದೆ ನಮ್ಮ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಬರುವುದು. ಇದನ್ನು ಹೇಳಿದಾಗ ಮಕ್ಕಳಿಗೆ ಖುಷಿಯಾಯಿತು.

ಇನ್ನೂ ಹತ್ತಿರದ್ದೊಂದು ಉದಾಹರಣೆ ನಮ್ಮ ರಾಜ್ಯದ್ದೇ. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಅವರು ಸಂಘ ಕಟ್ಟಿಕೊಂಡು ಹೋರಾಡಿದ ಕತೆಯನ್ನು 'ಯುಗಾಂತರ್' ಎಂಬ ತಂಡ 1982ರಲ್ಲಿ 'ತಂಬಾಕು ಚಾಕಿಲಾ ಓಬ್ ಆಲಿ' ಎಂಬ ಮರಾಠಿ ಚಿತ್ರವಾಗಿ ಮಾಡಿತು. ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರ್ಯಾಕ್ಟರ್ ಈ ತಂಡ ಕಟ್ಟಿದವರು. ಅವರು ನಾಲ್ಕು ತಿಂಗಳು ಆ ಹೆಣ್ಣುಮಕ್ಕಳ ನಡುವೆ ಇದ್ದು, ಅವರ ಮಾತು ಕೇಳುತ್ತಾ, ತಾವು ಬರೆದ ಪಟಕಥೆಯನ್ನು ತಿದ್ದುತ್ತಾ ಹೋದರು. ಹೋರಾಟದ ಕೆಲವು ಸಂದರ್ಭಗಳನ್ನು ಹೆಣ್ಣುಮಕ್ಕಳೇ ಮತ್ತೆ ನಟಿಸಿ ತೋರಿಸಿದರು. ಇಲ್ಲಿಯೂ ನಟನೆ ಇದೆ, ನ್ಯಾನೂಕನಲ್ಲಿಯೂ ಇದೆ. ವ್ಯತ್ಯಾಸ ಎಲ್ಲಿ? ಹುಡುಗಿಯೇ ಹೇಳಿದಳು: "ಇವ್ರು ತಮ್ದೇ ಕತಿ ತಾವೇ ಮಾಡಿ ತೋರ್ಸಲತಾರ್ರಿ. ಅವಾ ಫ್ಲಾಹರ್ಟಿ ಹೇಳ್ದಂಗ ಮಾಡ್ಲತಿದ್ದ." ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಒಂದು ವರ್ಷಕ್ಕೆ ಮೂರು ಹೆಸರು

ಮೂರನೆಯ ಭಾನುವಾರ ಅವರ ವಿಷಯಕ್ಕೆ ಬಂದೆವು. ಇದು ಇಲಿ, ತಿಗಣೆಗಳಿಗಿಂತ ಕಷ್ಟದ ವಿಷಯ.

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದವನು. ಕನ್ನಡದ ಪುಸ್ತಕದಲ್ಲಿ 1948ರ ಸೆಪ್ಟೆಂಬರ್ ಎಂದರೆ 'ಹೈದರಾಬಾದ್ ಕರ್ನಾಟಕ ವಿಮೋಚನೆ'. ಮನೆಗೆ ಬರುತ್ತಿದ್ದ ಉರ್ದು ಪತ್ರಿಕೆಗಳಲ್ಲಿ ಅದು 'ಸುಕೂತೆ ಹೈದರಾಬಾದ್', ಅಂದರೆ ಹೈದರಾಬಾದಿನ ಪತನ. ಊರಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಹೇಳುತ್ತಿದ್ದದ್ದು ಒಂದೇ ಮಾತು: ಪೋಲೀಸ್ ಆ್ಯಕ್ಷನ್. ಯಾವ ಹೆಸರಿನಿಂದ ಪ್ರಶ್ನೆ ಕೇಳುತ್ತೀರೋ ಅದರ ಮೇಲೆ ಉತ್ತರ ನಿಂತಿರುತ್ತದೆ.

ಗೊತ್ತಿರುವ ಸಂಗತಿಗಳನ್ನು ಮೊದಲು ಹಾಳೆಯ ಮೇಲೆ ಇಟ್ಟುಕೊಂಡೆವು. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಲ್ಲಿ ಲೂಟಿ, ಬೆಂಕಿ, ಕೊಲೆ ಮಾಡಿದರು. ನೂರಾರು ಕುಟುಂಬಗಳು ಗಡಿ ದಾಟಿ ಸೋಲಾಪುರದ ಕಡೆ ಓಡಿದವು. ಸಂಸ್ಥಾನ ಭಾರತದಲ್ಲಿ ಸೇರಲಿ ಎಂದು ಬರೆದ ಉರ್ದು ಪತ್ರಕರ್ತ, 'ಇಮ್ರೋಜ್' ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲ್ಲಲಾಯಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. ಅದರ ಮುಖ್ಯ ಪಡೆ ಬಂದದ್ದು ಸೋಲಾಪುರದಿಂದ ನಳದುರ್ಗ, ಉಮರ್ಗಾ, ಹುಮನಾಬಾದ್ ದಾರಿಯಲ್ಲಿ. ಆಳಂದ ತಾಲ್ಲೂಕಿನ ಉತ್ತರಕ್ಕೆ ಹಾಯ್ದು ಹೋಗುವ ದಾರಿ ಅದು. 17ರಂದು ನಿಜಾಮ ಶರಣಾದ.

ಶಾಲೆಯ ಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಆಮೇಲೆ ನಡೆದದ್ದನ್ನು ನೋಡಿ ಬರಲು ಪ್ರಧಾನಿ ನೆಹರೂ ಒಂದು ತಂಡ ಕಳಿಸಿದರು. ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರಲ್ಲಿದ್ದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ತಿರುಗಾಡಿ ಅವರು ಕೊಟ್ಟ ವರದಿಯ ಅಂದಾಜು: ಸೈನ್ಯ ಬಂದಾಗ ಮತ್ತು ಬಂದ ಮೇಲೆ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ. ಸತ್ತವರು ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ನೋವುಂಡ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ರಜಾಕಾರರ ದೌರ್ಜನ್ಯವನ್ನೂ ವರದಿ ಮರೆಮಾಚಲಿಲ್ಲ. ನೆರೆಯ ಮುಸಲ್ಮಾನರನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳನ್ನೂ, ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಉಳಿಸಿಕೊಂಡ ಹಿಂದೂ ನೇಕಾರರನ್ನೂ ಅದು ನೆನೆಯಿತು. ಆದರೆ ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ಸಿಕ್ಕುವ ಹೊತ್ತಿಗೆ 2013 ಬಂದಿತ್ತು.

ಐವರೂ ಬಹಳ ಹೊತ್ತು ಸುಮ್ಮನಿದ್ದರು. "ಇದು ನಮ್ಮ ಪುಸ್ತಕದಾಗ ಇಲ್ರಿ" ಎಂದ ಒಬ್ಬ. ಇನ್ನೊಬ್ಬ ಕೇಳಿದ: "ಹಂಗಾರ ನಮ್ಮ ಸ್ಕ್ರಿಪ್ಟ್ ತಪ್ಪೇನ್ರಿ ಸರ್?" ಬರೆದದ್ದು ತಪ್ಪಲ್ಲ, ಅರ್ಧ ಎಂದೆ. ಅದನ್ನು ಹೇಳುವಾಗ ನನ್ನ ಅರ್ಧವೂ ನನಗೆ ನೆನಪಾಯಿತು.

ಹಗೇವು

ನನ್ನ ದಾದಿಗೆ ಆ ವರ್ಷ ಹದಿಮೂರು ವಯಸ್ಸು. ಇದೇ ತಾಲ್ಲೂಕಿನ ಬೇರೊಂದು ಊರು. ಗಲಾಟೆಯ ದಿನ ಪಕ್ಕದ ಒಕ್ಕಲುತನದ ಮನೆಯ ಆಯಿ ತನ್ನ ಅಂಗಳದ ಹಗೇವಿನ ಬಾಯಿ ತೆಗೆಸಿದಳು. ಜೋಳ ತುಂಬಿಡುವ ನೆಲದೊಳಗಿನ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ತೆಗೆದ ಕೂಡಲೇ ಇಳಿದರೆ ಸಾವು. ಹೊರಗೆ ಕೂಗಾಟ ಹತ್ತಿರ ಬರುತ್ತಿದ್ದರೂ ಆಯಿ ಗಾಳಿ ಹೋಗುವವರೆಗೆ ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರಲಿಲ್ಲ ಎಂದು ನೋಡಿದ ಮೇಲೆಯೇ ನಾಲ್ಕು ಮಕ್ಕಳನ್ನು ಇಳಿಸಿದಳಂತೆ. ದಾದಿ ಇದನ್ನು ನನಗೆ ಹೇಳಿದ್ದು ಒಂದೇ ಸಲ.

ಈ ಸಂಗತಿ ಇಟ್ಟುಕೊಂಡು ನಾನು ಒಂದು ಕತೆ ಬರೆದೆ. ಓದಿದವರೆಲ್ಲ ಮೆಚ್ಚಿದರು, ಭಾವೈಕ್ಯದ ಕತೆ ಎಂದರು. ಆದರೆ ದಾದಿ ಹೇಳಿದ್ದರಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ಅವಳ ಸೋದರಮಾವ ರಜಾಕಾರರ ಖಾಕಿ ತೊಟ್ಟು ಕವಾಯತು ಮಾಡಿದ್ದ. ಬೇಸಿಗೆಯಲ್ಲಿ ಅವನ ಜೊತೆಯವರು ಬಂದು ಜೋಳ ಎತ್ತಿಕೊಂಡು ಹೋದದ್ದು ಅದೇ ಆಯಿಯ ಮನೆಯಿಂದ. ಹಗೇವು ಬರಿದಾಗಿದ್ದದ್ದು ಅದಕ್ಕೇ. ಎರಡನೆಯದು, ಅಂದು ಊರಿನಲ್ಲಿ ಇಳಿಯಲು ಯಾವ ಹಗೇವೂ ಸಿಗದವರಿದ್ದರು. ಅವರ ಹೆಸರುಗಳನ್ನು ದಾದಿ ಬೆರಳು ಮಡಚಿ ಎಣಿಸಿದ್ದಳು. ಮಾವನನ್ನು ಬರೆದರೆ 'ನೋಡಿ, ಇವರೇ ಒಪ್ಪಿಕೊಂಡರು' ಎನ್ನುತ್ತಾರೆ ಎಂದು ಹೆದರಿದೆ. ಸತ್ತವರನ್ನು ಬರೆದರೆ 'ಹಳೆಯ ಗಾಯ ಕೆರೆಯುತ್ತಾನೆ' ಎನ್ನುತ್ತಾರೆ ಎಂದು ಹೆದರಿದೆ. ಎರಡನ್ನೂ ಬಿಟ್ಟೆ. ಈಗ ದಾದಿ ಇಲ್ಲ, ಅವಳ ದನಿ ಯಾವ ಯಂತ್ರದಲ್ಲೂ ಇಲ್ಲ. ಅವಳು ಎಣಿಸಿದ ಹೆಸರುಗಳಲ್ಲಿ ನನಗೆ ಎರಡು ಮಾತ್ರ ನೆನಪಿವೆ.

ಇದನ್ನು ಮಕ್ಕಳಿಗೆ ಹೇಳಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಅಂಥವರು ಊರಿಗೆ ಒಬ್ಬರೋ ಇಬ್ಬರೋ. ಬರೆದಿಟ್ಟ ಸ್ಕ್ರಿಪ್ಟಿಗೆ ಅವರಿಂದ ಅರ್ಧ ನಿಮಿಷ ಕಿತ್ತುಕೊಂಡು ಬಂದರೆ ಅಂಕ ಬರಬಹುದು. ಉಳಿದದ್ದು ಅವರೊಂದಿಗೇ ಮಣ್ಣಿಗೆ ಹೋಗುತ್ತದೆ.

ಕೇಳುವುದು ಹೇಗೆ

ಇಂಥ ನೆನಪನ್ನು ಕೇಳಿದ ಎರಡು ಚಿತ್ರಗಳನ್ನು ಕೊನೆಗೆ ನೋಡಿದೆವು. ಒಂದು ಕ್ಲೋದ್ ಲಾಂಜ್‌ಮನ್ನನ 'ಶೋಆ' (1985). ಹಿಟ್ಲರನ ಕಾಲದ ಯಹೂದಿಗಳ ಹತ್ಯಾಕಾಂಡದ ಬಗ್ಗೆ ಒಂಬತ್ತು ತಾಸಿಗೂ ಮೀರಿದ ಚಿತ್ರ. ಹನ್ನೊಂದು ವರ್ಷದ ದುಡಿಮೆ. ಅದರಲ್ಲಿ ಹಳೆಯ ಕಾಲದ ಒಂದು ತುಣುಕು ಫಿಲ್ಮೂ ಇಲ್ಲ. ಬದುಕುಳಿದವರು, ಕೊಂದವರು, ನೋಡಿ ಸುಮ್ಮನಿದ್ದವರು ಮಾತಾಡುತ್ತಾರೆ. ಕ್ಯಾಮೆರಾ ಈಗ ಹುಲ್ಲು ಬೆಳೆದು ನಿಂತ ಆ ಜಾಗಗಳನ್ನು ನೋಡುತ್ತದೆ. ನಾವು ನೋಡಿದ್ದು ಕೆಲವು ಭಾಗ ಮಾತ್ರ. ಅದರಲ್ಲಿ ಅಬ್ರಹಾಂ ಬೊಂಬಾ ಎಂಬ ಕ್ಷೌರಿಕನ ಮಾತಿದೆ. ವಿಷಾನಿಲದ ಕೋಣೆಯಲ್ಲಿ ಸಾಯಲಿರುವ ಹೆಂಗಸರ ಕೂದಲು ಕತ್ತರಿಸುವ ಕೆಲಸಕ್ಕೆ ಅವನನ್ನು ಹಚ್ಚಿದ್ದರು. ಚಿತ್ರದಲ್ಲಿ ಅವನು ಕ್ಷೌರದಂಗಡಿಯಲ್ಲಿ ಒಬ್ಬನ ಕೂದಲು ಕತ್ತರಿಸುತ್ತಲೇ ಅದನ್ನು ಹೇಳುತ್ತಾನೆ. ಒಂದು ಕಡೆ ಮಾತು ನಿಂತುಬಿಡುತ್ತದೆ. ಆಗದು ಎನ್ನುತ್ತಾನೆ. ಲಾಂಜ್‌ಮನ್ ಬಿಡುವುದಿಲ್ಲ, ಹೇಳಲೇಬೇಕು ಎನ್ನುತ್ತಾನೆ.

ಬಿಡಬೇಕಿತ್ತೇ, ಬೇಡವೇ? ಐವರಲ್ಲಿ ಜಗಳವೇ ಆಯಿತು. ಬಿಡದೆ ಕೇಳಿದ್ದರಿಂದ ಆ ಮಾತು ಜಗತ್ತಿಗೆ ಸಿಕ್ಕಿತು ಎಂದ ಒಬ್ಬ. "ನಮ್ಮ ಆಯಿಗಿ ಯಾರಾರ ಹಂಗ ಕೇಳಿದ್ರ ನಾ ಕ್ಯಾಮೆರಾ ಕಸ್ಕೋತಿದ್ದೆ" ಎಂದಳು ಇನ್ನೊಬ್ಬಳು. ನನಗೆ ಎರಡೂ ಸರಿಯೆನಿಸಿತು. ಆದರೆ ಲಾಂಜ್‌ಮನ್ನನಿಗೆ ಹನ್ನೊಂದು ವರ್ಷವಿತ್ತು. ಇಪ್ಪತ್ತು ವಯಸ್ಸಿನ ನೀವು ಆ ಹಕ್ಕನ್ನು ತೆಗೆದುಕೊಳ್ಳಬೇಡಿ ಎಂದೆ. ಮುದುಕಿ ಬೇಡವೆಂದರೆ ಬೇಡ. ಅವಳು ಸುಮ್ಮನಾದ ಆ ಹೊತ್ತನ್ನೂ ಕತ್ತರಿಸದೆ ಇಟ್ಟುಕೊಳ್ಳಿ.

ಇನ್ನೊಂದು ಅಜಯ್ ಭಾರದ್ವಾಜರ ಪಂಜಾಬಿ ಚಿತ್ರ 'ರಬ್ಬಾ ಹುಣ್ ಕೀ ಕರಿಯೇ' (2007). 1947ರಲ್ಲಿ ತಮ್ಮೂರುಗಳಿಂದ ಹೊರಟುಹೋದ, ಕೊಲೆಯಾದ ಮುಸಲ್ಮಾನ ನೆರೆಯವರನ್ನು ನಮ್ಮ ಕಡೆಯ ಪಂಜಾಬಿನ ಹಿರಿಯರು ನೆನೆಯುತ್ತಾರೆ. ಊರಿನವರು ಮಾಡಿದ ತಪ್ಪನ್ನು ಊರಿನವರೇ ಹೇಳುತ್ತಾರೆ. ದೂರು ಕೊಡುವ ದನಿ ಅದರಲ್ಲಿಲ್ಲ. ಮಟಕಿಯ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರ ಎನಿಸಿದ್ದು ಈ ಚಿತ್ರ. "ಇದು ನಮ್ಮೂರ ಕಟ್ಟಿ ಮ್ಯಾಲ ಕುಂತು ಮಾತಾಡ್ದಂಗ ಅದರಿ" ಎಂದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕಾಯಿತು. ಆನಂದ್ ಪಟವರ್ಧನರ 'ರಾಮ್ ಕೆ ನಾಮ್' (1992) ಚಿತ್ರದಲ್ಲಿ ಅಯೋಧ್ಯೆಯ ಅರ್ಚಕ ಲಾಲದಾಸರು ಧರ್ಮದ ಹೆಸರಿನ ರಾಜಕೀಯವನ್ನು ತೆರೆದ ಮನಸ್ಸಿನಿಂದ ಟೀಕಿಸುತ್ತಾರೆ. 1993ರಲ್ಲಿ ಅವರ ಕೊಲೆಯಾಯಿತು. ಚಿತ್ರದಲ್ಲಿ ಆಡಿದ ಮಾತೇ ಅದಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಕ್ಯಾಮೆರಾದವರು ಮನೆಗೆ ಹೋಗುತ್ತಾರೆ, ಮಾತಾಡಿದವರು ಅದೇ ಊರಿನಲ್ಲಿ ಬಾಳಬೇಕು. ಅವರ ಮಾತನ್ನು ಕಾಲೇಜಿನಲ್ಲಿ ಮಾತ್ರ ತೋರಿಸುವುದೇ, ಯೂಟ್ಯೂಬಿಗೆ ಹಾಕುವುದೇ? ಯಾರಾದರೂ ಎರಡು ನಿಮಿಷ ಕತ್ತರಿಸಿ ವಾಟ್ಸಾಪಿನಲ್ಲಿ ಹರಿಬಿಟ್ಟರೆ ಹೊಣೆ ಯಾರು? ಫ್ಲಾಹರ್ಟಿಗೆ, ರೂಬಿಗೆ ಈ ಪ್ರಶ್ನೆ ಇರಲಿಲ್ಲ.

ಇದನ್ನೆಲ್ಲ ಕೇಳಿ ಒಬ್ಬ ಹುಡುಗ, ವಿಷಯ ಬದಲಿಸಿ ಆಳಂದದ ಲಾಡ್ಲೆ ಮಶಾಯಿಖರ ಉರುಸಿನ ಚಿತ್ರ ಮಾಡೋಣವೇ ಎಂದ. ಒಳ್ಳೆಯ ವಿಷಯವೇ. ಗಿರೀಶ ಕಾರ್ನಾಡರು ಸೂಫಿ, ಭಕ್ತಿ ಪರಂಪರೆಗಳ ಮೇಲೆ 'ದಿ ಲ್ಯಾಂಪ್ ಇನ್ ದಿ ನಿಚ್' ಮಾಡಿದ್ದಾರೆ. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಪುಸ್ತಕವಿದೆ. ಆದರೆ ಅದು ಸುಲಭದ ದಾರಿ ಎಂದು ತಿಳಿಯಬೇಡಿ ಎಂದೆ. 2022ರ ಮಹಾಶಿವರಾತ್ರಿಯಂದು ಅದೇ ದರ್ಗಾದ ಆವರಣದ ರಾಘವ ಚೈತನ್ಯ ಶಿವಲಿಂಗದ ಪೂಜೆಯ ವಿಷಯಕ್ಕೆ ಆಳಂದದಲ್ಲಿ ಕಲ್ಲು ಬಿದ್ದವು. ಆಮೇಲಿನ ವರ್ಷಗಳಲ್ಲಿ ಪೂಜೆಗೆ ಎಷ್ಟು ಮಂದಿ ಹೋಗಬೇಕೆಂದು ಹೈಕೋರ್ಟ್ ಗೊತ್ತುಮಾಡಬೇಕಾಯಿತು. ಲೋಬಾನದ ಹೊಗೆ, ಹೂವಿನ ಚಾದರ ತೋರಿಸಿ ಭಾವೈಕ್ಯ ಎಂದುಬಿಟ್ಟರೆ ಅದೂ ನನ್ನ ಕತೆಯ ಹಾಗೆ ಅರ್ಧವೇ ಆಗುತ್ತದೆ.

ಹೊಸ ಹಾಳೆ

ಹಳೆಯ ನಾಲ್ಕು ಹಾಳೆಗಳನ್ನು ಅವರು ಬದಿಗಿಟ್ಟರು. ಹೊಸದಾಗಿ ಒಂದೇ ಹಾಳೆ ಬರೆದರು. ಬೇರೆ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಅದರ ಸಾರ ಹೇಳುತ್ತೇನೆ.

ಮೊದಲ ಎರಡು ಭೇಟಿಗೆ ಕ್ಯಾಮೆರಾ ಒಯ್ಯುವುದಿಲ್ಲ. ವಿಮೋಚನೆ, ಪತನ, ಆ್ಯಕ್ಷನ್ ಯಾವ ಮಾತನ್ನೂ ತಾವಾಗಿ ಎತ್ತುವುದಿಲ್ಲ. ಆ ವರ್ಷ ಮಳೆ ಹೇಗಿತ್ತು, ಮನೆಯಲ್ಲಿ ಯಾರ್ಯಾರಿದ್ದರು, ಎತ್ತು ಎಷ್ಟಿದ್ದವು ಎಂದು ಶುರು ಮಾಡುತ್ತಾರೆ. ಅವರು ಆ ದಿನಗಳಿಗೆ ಯಾವ ಹೆಸರು ಹೇಳುತ್ತಾರೋ ಅದನ್ನೇ ಮುಂದೆ ಬಳಸುತ್ತಾರೆ. ಹೆಂಗಸರ ಹತ್ತಿರ ಹುಡುಗಿಯರೇ ಹೋಗುತ್ತಾರೆ. ದಖನಿ ಆಡುವವರನ್ನು ದಖನಿಯಲ್ಲೇ ಕೇಳುತ್ತಾರೆ, ಕೆಳಗೆ ಕನ್ನಡದ ಸಾಲು ಹಾಕುತ್ತಾರೆ. ನಿಜಾಮನ ಆಡಳಿತ ಭಾಷೆ ಉರ್ದು. ಮನೆಗಳಲ್ಲಿ ಹಳೆಯ ಕಾಗದ ಸಿಕ್ಕರೆ ಉರ್ದು ಓದಿದ ಹುಡುಗಿ ಓದುತ್ತಾಳೆ, ಅವಳಿಗೆ ತಿಳಿಯದ್ದನ್ನು ನಾನು ಓದಿಕೊಡುತ್ತೇನೆ. ಯಾರೇ ಹೇಳಿದ ತಾರೀಖು, ಹೆಸರು, ಸಂಖ್ಯೆಯನ್ನು ಇನ್ನೊಂದು ಕಡೆ ತಾಳೆ ನೋಡುತ್ತಾರೆ. ಡ್ರೋನ್ ಬಾಡಿಗೆಗೆ ಇಟ್ಟಿದ್ದ ದುಡ್ಡಿನಲ್ಲಿ ಅಂಗಿಗೆ ಸಿಕ್ಕಿಸುವ ಒಂದು ಒಳ್ಳೆಯ ಮೈಕು ಕೊಳ್ಳುತ್ತಾರೆ. ಫೋನಿನ ಕ್ಯಾಮೆರಾ ಸಾಕು. ಆದರೆ ಮುದುಕರ ಸಣ್ಣ ದನಿ ಗಾಳಿಯಲ್ಲಿ ಹೋದರೆ ಮರಳಿ ಬಾರದು. ಪೂರ್ತಿ ಮಾತನ್ನು ಎರಡು ಕಡೆ ಜೋಪಾನ ಮಾಡಿ ಒಂದು ಪ್ರತಿ ಮನೆಯವರಿಗೆ ಕೊಡುತ್ತಾರೆ. ಇಪ್ಪತ್ತು ನಿಮಿಷದ ಚಿತ್ರ ಸಿದ್ಧವಾದಾಗ ಕಾಲೇಜಿಗಿಂತ ಮೊದಲು ಮಾತಾಡಿದವರಿಗೇ ತೋರಿಸುತ್ತಾರೆ. ತೆಗೆಯಿರಿ ಎಂದದ್ದನ್ನು ತೆಗೆಯುತ್ತಾರೆ.

ಹಿನ್ನೆಲೆಯ ದನಿ ಬೇಡವೇ ಬೇಡ ಎಂದು ಹುಡುಗಿಯರು ಹಟ ಹಿಡಿದರು. ಊರು, ವರ್ಷ ತಿಳಿಸಲು ನಾಲ್ಕು ಸಾಲು ಬೇಕು ಎಂದು ಹುಡುಗರು. ಅಕ್ಷರದಲ್ಲಿ ತೋರಿಸುವುದೆಂದು ರಾಜಿಯಾಯಿತು.

ಮೊನ್ನೆ ಅವರು ಮತ್ತೆ ಬಂದಿದ್ದರು. ಮೊದಲ ಭೇಟಿಗಳು ಮುಗಿದಿವೆ. ಒಬ್ಬ ಮುತ್ಯಾ ಮಾತಾಡಲು ಒಪ್ಪಿದ್ದಾನೆ. ಒಬ್ಬ ಅಜ್ಜಿ ಎರಡು ಸಲವೂ ಚಹಾ ಕುಡಿಸಿ, ಮಕ್ಕಳ ಓದು ವಿಚಾರಿಸಿ, ಆ ಮಾತು ಮಾತ್ರ ಎತ್ತದೆ ಕಳಿಸಿದಳಂತೆ. ಎರಡನೆಯ ಸಲ ಹೊರಡುವಾಗ ಬಾಗಿಲ ತನಕ ಬಂದು ಹೇಳಿದಳಂತೆ: "ತೊಗರಿ ರಾಶಿ ಮುಗೀಲಿ, ಆಮ್ಯಾಲ ಬರ್ರಿ. ಹೊತ್ತು ಬೇಕು ಅದ್ಕ."

ಕಾಲೇಜಿನಲ್ಲಿ ಕೊಟ್ಟ ಗಡುವು ರಾಶಿಗಿಂತ ಮೊದಲೇ ಮುಗಿಯುತ್ತದೆ. ಏನು ಮಾಡುವುದೆಂದು ನನ್ನನ್ನು ಕೇಳಿದರು. ಇದ್ದಷ್ಟರಲ್ಲಿ ಕಾಲೇಜಿಗೆ ಏನಾದರೂ ಒಪ್ಪಿಸಿರಿ, ಅಜ್ಜಿಗೆ ಕಾಯಿರಿ ಎಂದೆ. ಅವರೂ ಹಾಗೆಂದೇ ತೀರ್ಮಾನಿಸಿಕೊಂಡು ಬಂದಿದ್ದರು.